ಮಂಚದ ಎತ್ತರಕ್ಕೆ ಒಂದು ಮೀನುತೊಟ್ಟಿ

ಅವನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸು ತೀಡುವವನು. ಮುಂದೆ ಗಿರಾಕಿಗಳ ಕಣ್ಣುಪರೀಕ್ಷೆ ನಡೆಯುತ್ತಿದ್ದರೆ, ಹಿಂದೆ ಅವನು ಅಂಚು ತೀಡಿ, ಸ್ಪಿರಿಟ್ ಹಾಕಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಕಳಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ, “ನಿಮ್ಮ ಕೈ ಮೂಸಿದ್ರೆ ಆಸ್ಪತ್ರೆಗೆ ಹೋಗಿಬಂದ ಹಾಗಾಗುತ್ತೆ” ಎಂದು ನಗುತ್ತಿದ್ದಳು.

ಈಗ ಅವಳಿಗೇ ಕಾಯಿಲೆ. ನರಗಳದ್ದು. ಮೊದಲು ಕಾಲು ಹೋಯಿತು, ಆಮೇಲೆ ಕೈ. ಹೊಲಿಗೆ ಮಾಡುತ್ತಿದ್ದವಳು, ಸೂಜಿಗೆ ದಾರ ಪೋಣಿಸಲಾಗದ ದಿನ ಯಂತ್ರದ ಮೇಲೆ ಹಳೆಯ ಚಾದರ ಮುಚ್ಚಿಸಿ ಮಲಗಿದಳು. ಮಾತೂ ಹೋಗುತ್ತದೆ ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು. ಯಾವಾಗ ಅಂತ ಹೇಳಲಿಲ್ಲ.

ಎಡಮಗ್ಗುಲಾಗಿ ಮಲಗಿದರೆ ಮಾತ್ರ ಅವಳಿಗೆ ಉಸಿರಾಟ ಸಲೀಸು. ಆ ಕಡೆ ಇದ್ದದ್ದು ಬರಿಯ ಗೋಡೆ. ಮಂಚ ತಿರುಗಿಸಿದರೆ ಇನ್ನೊಂದು ಗೋಡೆ.

“ಎಲ್ಲೆಲ್ಲಿ ಸುಣ್ಣ ಉದುರಿದೆ ಅಂತ ಬಾಯಿಪಾಠ ಆಗಿಹೋಗಿದೆ ಕಣ್ರೀ,” ಎಂದಳು ಒಂದು ದಿನ. “ಏನಾದ್ರೂ ಅಲ್ಲಾಡೋದು ಇದ್ದಿದ್ರೆ ಚೆನ್ನಾಗಿರ್ತಿತ್ತು.”

“ಟಿವಿ ಇಲ್ಲಿಗೇ ತರ್ಲಾ?”

“ಬೇಡಪ್ಪ. ಅದು ಬಾಯಿ ಮುಚ್ಚಲ್ಲ. ನಂಗೆ ತಿರುಗಿ ಮಾತಾಡಕ್ಕಾಗಲ್ಲ.”

ಅದೇ ವಾರ ಅವರ ಬೀದಿಯ ಹೋಟೆಲು ಬಾಗಿಲು ಹಾಕಿತು. ಮೇಜು, ಕುರ್ಚಿ, ದೊಡ್ಡ ಪಾತ್ರೆಗಳ ಜೊತೆ ಹೋಟೆಲಿನ ಮೀನುತೊಟ್ಟಿಯೂ ಬೀದಿಗೆ ಬಂತು. ಅಕ್ರಿಲಿಕ್ ಪ್ಲಾಸ್ಟಿಕ್ಕಿನದು, ಎದೆಮಟ್ಟದ ಎತ್ತರ. ಪಾತ್ರೆ ಉಜ್ಜುವ ನಾರಿನಿಂದಲೇ ಅದನ್ನೂ ಉಜ್ಜಿದ್ದರೆಂದು ಕಾಣುತ್ತದೆ, ಮೈಯೆಲ್ಲ ಗೀರು ಬಿದ್ದು ಹಾಲಿನಂತೆ ಮಸುಕಾಗಿತ್ತು. ಬೇಕಿದ್ದರೆ ಒಯ್ಯಿರಿ, ಇಲ್ಲದಿದ್ದರೆ ಗುಜರಿಗೆ ಎಂದರು. ಅವನು ಒಂದು ತಳ್ಳುಗಾಡಿ ತಂದ.

ಹೆಂಡತಿಯ ತಂಗಿ ಬಸ್ ಕಂಡಕ್ಟರು. ದಿನಾ ಸಂಜೆ ಡ್ಯೂಟಿ ಮುಗಿಸಿ ಅಕ್ಕನ ಮೈ ಒರೆಸಿ, ಬಟ್ಟೆ ಬದಲಿಸಿ ಹೋಗುತ್ತಿದ್ದಳು. ಗಾಡಿಯನ್ನು ಹಿಂದಿನಿಂದ ತಳ್ಳಿದವಳು ಅವಳೇ.

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಭಾವ. ಇದನ್ನ ಎಲ್ಲಿಡ್ತೀರಿ?”

“ಕತ್ತರಿಸ್ತೀನಿ. ಮಲಗಿದಲ್ಲೇ ಅವಳಿಗೆ ಕಾಣೋಷ್ಟು ಎತ್ತರ ಸಾಕು.”

“ನಿಮಗೆ ಬರುತ್ತಾ?”

“ಇದೂ ಪ್ಲಾಸ್ಟಿಕ್ ಜಾತೀನೇ. ನಾನು ಹುಟ್ಟಿದಾಗಿಂದ ತೀಡ್ತಿರೋದು ಇನ್ನೇನು?”

ಹಿತ್ತಲಲ್ಲಿ ಕೆಲಸ ಶುರುವಾಯಿತು. ಮೊದಲು ಮೇಲಿನ ಅರ್ಧವನ್ನು ಗರಗಸದಿಂದ ಕೊಯ್ದ. ನೀರಿನ ಒತ್ತಡಕ್ಕೆ ಗೋಡೆಗಳು ಉಬ್ಬದಂತೆ ಬಾಯಿಯ ಸುತ್ತ ಒಂದು ಪಟ್ಟಿ ಇತ್ತು. ಅದನ್ನು ಬಿಡಿಸಿ, ಹೊಸ ಬಾಯಿಗೆ ಕೂರಿಸಿ ಅಂಟಿಸಿದ. ಆಮೇಲೆ ಉಜ್ಜುವುದು. ಒರಟಾದ ಉಪ್ಪುಕಾಗದ, ಅದಕ್ಕಿಂತ ನಯವಾದದ್ದು, ಇನ್ನೂ ನಯವಾದದ್ದು, ಮೇಲಿಂದ ಮೇಲೆ ನೀರು ಚಿಮುಕಿಸುತ್ತ. ಮೊದಮೊದಲು ತೊಟ್ಟಿ ಇನ್ನಷ್ಟು ಮಂಜಾಯಿತು. ಅದು ಹಾಗೇ ಎಂದು ಅವನಿಗೆ ಗೊತ್ತಿತ್ತು. ಅಂಗಡಿಯಿಂದ ಬಂದವನು ಅಂಗಿ ಬಿಚ್ಚಿಟ್ಟು ನೇರ ಹಿತ್ತಲಿಗೆ ಇಳಿಯುತ್ತಿದ್ದ. ರಜೆಯ ದಿನ ಬೆಳಗಿನಿಂದಲೇ ಅಲ್ಲಿ.

ಒಳಗಿನಿಂದ ಅವಳು ಕರೆಯುತ್ತಿದ್ದಳು. “ರೀ... ಒಂಚೂರು ಬನ್ನಿ.”

“ಏನಾದ್ರೂ ಬೇಕಾ?”

“ಬೇಡ. ಸುಮ್ನೆ.”

“ಬಂದೆ, ಈ ಮಗ್ಗುಲೊಂದು ಮುಗಿಸಿ ಬಂದೆ.”

ಅವನು ಕೈ ತೊಳೆದು ಹೋಗುವಷ್ಟರಲ್ಲಿ ಅವಳಿಗೆ ಜೊಂಪು ಹತ್ತಿರುತ್ತಿತ್ತು.

ನಾದಿನಿ ಒಂದು ಸಲ ಹೇಳಿಯೇ ಹೇಳಿದಳು. “ಭಾವ, ಅಕ್ಕನ ಹತ್ರ ಸ್ವಲ್ಪ ಕೂತ್ಕೊಳ್ಳಿ. ದಿನದಿನಕ್ಕೂ ಮಾತು ತೊದಲ್ತಿದೆ.”

“ಅದಕ್ಕೇ ಬೇಗ ಮುಗಿಸ್ಬೇಕು ಅಂತ ಒದ್ದಾಡ್ತಿರೋದು,” ಎಂದ ಅವನು ತಲೆಯೆತ್ತದೆ.

ಕೊನೆಗೆ ಪಾಲಿಶ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿದಾಗ ಮಸುಕು ಸರಿಯಿತು. ತೊಟ್ಟಿಯ ಹಿಂದೆ ಅಂಗೈ ಹಿಡಿದರೆ ಅದರ ಗೆರೆಗಳೆಲ್ಲ ಕಂಡವು. ಅವನೂ ನಾದಿನಿಯೂ ಸೇರಿ ಅದನ್ನು ಒಳಗೆ ತಂದು ಮಂಚದ ಪಕ್ಕ ಒಂದು ಗಿಡ್ಡ ಮಣೆಯ ಮೇಲೆ ಇಟ್ಟರು. ಅವನು ಆಚೆ ಬದಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂತು ಹೆಂಡತಿಯತ್ತ ನೋಡಿದ. ಅವಳು ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ, “ನಿಮ್ಮ ಮೂಗು... ಇಷ್ಟು ದೊಡ್ಡದು ಅಂತ... ಗೊತ್ತೇ ಇರ್ಲಿಲ್ಲ” ಎಂದಳು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕು ಬಹಳ ಕಾಲವಾಗಿತ್ತು.

ನೀರು ತುಂಬುವ ಮುಂಚೆ ಅವನು ಬೆರಳ ಗುರುತು ಹೋಗಲೆಂದು ತೊಟ್ಟಿಯ ಒಳಗೂ ಹೊರಗೂ ಸ್ಪಿರಿಟ್ ಹಾಕಿ ಒರೆಸಿದ. ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಆ ಬಾಟಲಿಯ ಕಡೆ ಹೋಗಿತ್ತು.

ಬೆಳಗ್ಗೆ, ಇನ್ನೂ ನೀರು ತುಂಬಿರಲಿಲ್ಲ, ಅವಳೇ ಮೊದಲು ನೋಡಿದ್ದು. “ಅಲ್ಲಿ... ಕೂದಲು.”

ಅವನು ಒರೆಸಿದ. ಕೂದಲು ಹೋಗಲಿಲ್ಲ. ಉಗುರಿನಿಂದ ಕೆರೆದ. ಅದು ಮೇಲಿರಲಿಲ್ಲ, ಒಳಗಿತ್ತು. ಸಂಜೆ ಅಂಗಡಿಯಿಂದ ಬರುವಷ್ಟರಲ್ಲಿ ಮುಂದಿನ ಗೋಡೆಯ ತುಂಬ ಜೇಡರಬಲೆ ಹರಡಿದಂತೆ ಸಣ್ಣ ಸಣ್ಣ ಬಿರುಕು ಎದ್ದಿತ್ತು.

ಸಾಕುಮೀನು, ತೊಟ್ಟಿ ಮಾರುವ ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ. “ಸ್ಪಿರಿಟ್ ಹಾಕಿದ್ರಾ?”

“ದಿನಾ ಹಾಕ್ತೀನಿ, ಲೆನ್ಸಿಗೆ. ಏನೂ ಆಗಲ್ಲ.”

“ಲೆನ್ಸು ಬೇರೆ, ಇದು ಬೇರೆ. ಕೊಯ್ದು, ಅಂಟಿಸಿ, ಎಳೆದಾಡಿದ ಮಾಲು. ಇದಕ್ಕೆ ಸ್ಪಿರಿಟ್ ಸೋಕಿದ್ರೆ ಒಳಗೊಳಗೇ ಬಿರುಕು ಬಿಡುತ್ತೆ.”

“ಮತ್ತೆ ತೀಡಿದ್ರೆ?”

“ತೀಡಿ ಬೇಕಾದ್ರೆ. ಗೋಡೆ ತೆಳ್ಳಗಾಗುತ್ತೆ, ಅಷ್ಟೇ. ಒಡೆದ ಹಾಲನ್ನ ಯಾರು ಕೂಡಿಸ್ತಾರೆ ಹೇಳಿ.”

ಅವನು ಅದನ್ನು ಹಿತ್ತಲಿಗೆ ಒಯ್ದು ತೀಡಿದ. ಮತ್ತೆ ಒರಟು ಕಾಗದದಿಂದ ಹಿಡಿದು ಮೊದಲಿನಿಂದ. ಒಳಗಿನಿಂದ ಕರೆಯುವುದು ಕಡಿಮೆಯಾಗಿತ್ತು. ಕರೆದರೂ “ರೀ” ಎನ್ನುವುದು ಉಸಿರಿನಂತೆ ಕೇಳುತ್ತಿತ್ತು, ಕಾಗದದ ಸರಸರದ ನಡುವೆ ಅದು ಅವನ ಕಿವಿಗೆ ಬೀಳುತ್ತಿತ್ತೋ ಇಲ್ಲವೋ. ಭುಜ ಊದಿಕೊಂಡಿತು, ಬೆರಳ ತುದಿಯ ಚರ್ಮ ಸವೆಯಿತು. ಬಿರುಕು ಮಾತ್ರ ಇದ್ದಲ್ಲೇ ಇತ್ತು.

ಹಾಗೆಯೇ ಒಳಗೆ ತಂದು ನೀರು ತುಂಬಿಸಿದ. ಒಂದಷ್ಟು ಕೆಂಪು ಮೀನು ಬಿಟ್ಟ. ಹೆಂಡತಿಯ ಮುಖವನ್ನೇ ನೋಡುತ್ತ ನಿಂತ.

“ಕಾ...ಣ್ತಿದೆ,” ಎಂದಳು ಅವಳು.

ಅವನು ದಿಂಬಿನ ಮೇಲೆ ಅವಳ ತಲೆಯ ಪಕ್ಕಕ್ಕೆ ತನ್ನ ತಲೆಯಿಟ್ಟು ನೋಡಿದ. ಎಲ್ಲೋ ಒಂದು ಕೆಂಪು ಕಲೆ ಚೂರುಚೂರಾಗಿ ಹರಡಿ, ಮತ್ತೆ ಎಲ್ಲೋ ಸೇರಿಕೊಳ್ಳುತ್ತಿತ್ತು. ಮೀನು ಎಂದು ಹೇಳಿದರೆ ಮೀನು. ಅವಳ ಕಿವಿಯ ಹಿಂದೆ ಬೆವರಿತ್ತು, ಅದನ್ನು ಒರೆಸಿ ಎದ್ದ.

ಅವಳು ಆಡಿದ ಮಾತುಗಳಲ್ಲಿ ಅರ್ಥವಾಗುವಂಥದ್ದು ಅದೇ ಕೊನೆಯದು. ಆಮೇಲೆ ಬಂದದ್ದು ಬರಿಯ ದನಿ. ಸ್ವಲ್ಪ ದಿನಕ್ಕೆ ಅದೂ ನಿಂತಿತು.

ತೊಟ್ಟಿ ಒಡೆದದ್ದು ಒಂದು ಮಧ್ಯಾಹ್ನ, ಪಕ್ಕದ ಮನೆಯ ಅಜ್ಜಿ ಬಂದು ಅವಳಿಗೆ ಗಂಜಿ ಕುಡಿಸಿ ಹೋದ ಮೇಲೆ. ತೀಡಿ ತೀಡಿ ತೆಳ್ಳಗಾದ ಗೋಡೆ ಬುಡದ ಅಂಟಿನ ಹತ್ತಿರ ಬಾಯಿಬಿಟ್ಟಿತ್ತು. ಒಮ್ಮೆಲೇ ಅಲ್ಲ, ನಿಧಾನವಾಗಿ ಸೋರಿತ್ತು. ಅವನು ಬಂದಾಗ ಕೋಣೆಯೆಲ್ಲ ನೀರು. ಮೀನುಗಳು ತಳದ ಕಲ್ಲಿನ ಮೇಲೆ ಒಣಗಿ ಬಿದ್ದಿದ್ದವು. ನೀರು ಇಳಿಯುವುದನ್ನು, ಆ ಕೆಂಪು ಕಲೆಗಳು ಒದ್ದಾಡಿ ಸುಮ್ಮನಾಗುವುದನ್ನು ಅವಳು ಮಲಗಿದಲ್ಲಿಂದ ಪೂರ್ತಿ ನೋಡಿರಬೇಕು. ಕೂಗಲು ದನಿಯಿರಲಿಲ್ಲ, ತಿರುಗಲು ಮೈಯಿರಲಿಲ್ಲ. ಕಣ್ಣೀರು ಮೂಗಿನ ಮೇಲಿಂದ ಇಳಿದು ದಿಂಬು ನೆನೆದಿತ್ತು.

“ಹೆದರಿಕೊಂಡ್ಯಾ?” ಎಂದು ಕೇಳಿದ. “ಮೀನಿಗೆ ಅತ್ತಿದ್ದಾ?” ಅವಳು ಕಣ್ಣು ಮುಚ್ಚಿ ತೆರೆದಳು. ಅದು ಯಾವುದಕ್ಕೆ ಉತ್ತರ ಎಂದು ತಿಳಿಯಲಿಲ್ಲ.

ನಾದಿನಿ ಬಂದವಳೇ ನೆಲ ಒರೆಸಿದಳು. ತೊಟ್ಟಿಯನ್ನು ಒಬ್ಬಳೇ ಎಳೆದುಕೊಂಡು ಹೋಗಿ ಬೀದಿಯಲ್ಲಿಟ್ಟು, “ಗುಜರಿಯವನು ಒಯ್ತಾನೆ ಬಿಡಿ” ಎಂದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ.

ಮಣೆ ಮಾತ್ರ ಅಲ್ಲೇ ಉಳಿದಿತ್ತು. ಅವನು ಅದರ ಮೇಲೆ ಕೂತ. ಕೂತರೆ ಅವನ ಮುಖ ಸರಿಯಾಗಿ ಅವಳ ಕಣ್ಣೆದುರಿಗೆ ಬಂತು. ಮಾತು ಯಾವಾಗಲೂ ಅವಳದ್ದಾಗಿತ್ತು, ಅವನದ್ದು ಹೂಂಗುಟ್ಟುವ ಕೆಲಸ. ಮಂಡಿ ಸವರಿಕೊಂಡು, ಅಂಗಡಿಯ ಒಂದು ಹಳೆಯ ಕಥೆ ಶುರುಮಾಡಿದ. ಹೊಸ ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದ ಒಬ್ಬ ಹೆಂಗಸಿನ ಕಥೆ. ಮೊದಲೆಲ್ಲ ಅವನು ಇದನ್ನು ತೆಗೆದರೆ ಹೆಂಡತಿ ಅರ್ಧಕ್ಕೇ, “ಸಾಕು ಬಿಡಿ, ನೂರು ಸಲ ಹೇಳಿದ್ದೀರಿ” ಎನ್ನುತ್ತಿದ್ದಳು.

“ಆಮೇಲೆ ಆ ಯಮ್ಮ ಏನಂದ್ಲು ಗೊತ್ತಾ,” ಎಂದ ಅವನು. ಅವಳ ಕಣ್ಣು ಆಗಲೇ ಮುಚ್ಚುತ್ತ ಬಂದಿತ್ತು. ಅಡುಗೆಮನೆಯಲ್ಲಿ ನಾದಿನಿ ನಲ್ಲಿ ನಿಲ್ಲಿಸಿದಳು. “ನಂಗೆ ಹಳೆ ಕನ್ನಡಕಾನೇ ಕೊಟ್ಬಿಡಿ, ಅದರಲ್ಲಿ ನಾನು ಇನ್ನೂ ಚೆನ್ನಾಗಿದ್ದೆ ಅಂದ್ಲು.”

ಯಾರೂ ನಗಲಿಲ್ಲ. ಅವನು ಇನ್ನೊಂದು ಕಥೆ ನೆನಪಿಸಿಕೊಳ್ಳತೊಡಗಿದ.