ಅಕ್ಕನಿಗೆ ಹೇಳಿದ ಸಿನಿಮಾಗಳು

ಎರಡನೇ ಗುಂಡಿ ಇಲ್ಲ, ಈಗಷ್ಟೇ ಇತ್ತಲ್ಲ — ರೈಲು ನಿಲ್ದಾಣದ ಬೆಂಚಿನಿಂದ ಹೀರೋ ಏಳುವಾಗ ಅವನ ಅಂಗಿಯಲ್ಲಿ ಎಲ್ಲ ಗುಂಡಿಗಳೂ ಇದ್ದವು, ವಿಚಾರಣೆಯ ಕಿಟಕಿ ಹತ್ತಿರ ಬರುವಷ್ಟರಲ್ಲಿ ಎರಡನೆಯದು ಮಾಯ, ಈಗ ನೋಡಿದರೆ ಮತ್ತೆ ಬಂದು ಕೂತಿದೆ, ಇಷ್ಟು ಜನ ಸೇರಿ ಒಂದು ಸಿನಿಮಾ ಮಾಡುತ್ತಾರೆ, ಹೆಸರುಗಳು ಓಡುವುದಕ್ಕೇ ಐದು ನಿಮಿಷ ಬೇಕು, ಅಷ್ಟು ಹೆಸರುಗಳಲ್ಲಿ ಗುಂಡಿ ನೋಡುವ ಕಣ್ಣು ಒಂದೂ ಇಲ್ಲವೇ, ಹೋಗಲಿ, ಇಪ್ಪತ್ತೆಂಟು ವರ್ಷ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಊರವರ ಪ್ಯಾಂಟು ಗಿಡ್ಡ ಮಾಡಿ, ಸೊಂಟ ಸಡಿಲ ಮಾಡಿ, ಜಿಪ್ಪು ಬದಲಿಸಿದವಳಿಗೆ ಮೊದಲು ಕಾಣುವುದು ಬಟ್ಟೆ, ಆಮೇಲೆ ಮುಖ, ಏನು ಮಾಡುವುದು. ಕಥೆ ಮಾತ್ರ ಚೆನ್ನಾಗಿದೆ. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವ ಹೆಂಗಸು, ಅವಳ ಮುಖ ಯಾರಿಗೂ ಗೊತ್ತಿಲ್ಲ, ಧ್ವನಿ ಎಲ್ಲರಿಗೂ ಗೊತ್ತು, ಈ ಗಡಿಯಾರ ರಿಪೇರಿಯವನು ಎಲ್ಲಿಗೂ ಹೋಗುವವನಲ್ಲ, ದಿನಾ ಸಂಜೆ ಬಂದು ಬೆಂಚಿನ ಮೇಲೆ ಕೂತು ಆ ಧ್ವನಿ ಕೇಳಿ ಮನೆಗೆ ಹೋಗುತ್ತಾನೆ, ಅಷ್ಟೇ, ಆಮೇಲೆ ಅವಳ ಗಂಟಲಿಗೆ ಆಪರೇಷನ್ ಆಗುತ್ತದೆ, ಧ್ವನಿ ಹೋಗುತ್ತದೆ, ರೈಲಿನವರು ಅವಳ ಹಳೇ ಧ್ವನಿಯನ್ನು ರೆಕಾರ್ಡಿನಿಂದ ಹಾಕಿ ಅವಳನ್ನು ತಂದು ವಿಚಾರಣೆಯ ಗಾಜಿನ ಹಿಂದೆ ಕೂರಿಸುತ್ತಾರೆ, ಅವನು ಸ್ಪೀಕರಿನ ಕಡೆ ಕತ್ತೆತ್ತಿ ಕೂತಿದ್ದಾನೆ, ಅವಳು ಹತ್ತೇ ಹೆಜ್ಜೆ ದೂರದಲ್ಲಿ ಅವನನ್ನು ನೋಡುತ್ತಿದ್ದಾಳೆ — ಅಯ್ಯೋ, ಕೆಡಿಸಬೇಡಿರಪ್ಪಾ, ಕೈ ಮುಗಿಯುತ್ತೇನೆ, ಇದೊಂದನ್ನು ಕೆಡಿಸಬೇಡಿ. ಕೆಡಿಸುತ್ತಾರೆ. ಕಪ್ಪು ಕನ್ನಡಕದವನೊಬ್ಬ ಸೂಟ್‌ಕೇಸು ಹಿಡಿದು ಎರಡು ಸಲ ಹಾದುಹೋದ, ಸುಮ್ಮನೆ ಹೋಗುವ ಆಸಾಮಿಯಲ್ಲ ಅವನು. ಇವರು ಮೊದಲರ್ಧವನ್ನು ಬೆಳಿಗ್ಗೆ ಸ್ನಾನ ಮಾಡಿ ಕೂತು ಬರೀತಾರೆ ಕಣೇ, ಎರಡನೇ ಅರ್ಧವನ್ನು ಊಟ ಆದ್ಮೇಲೆ ತೂಕಡಿಸ್ಕೊಂಡು ಬರೀತಾರೆ, ಅಕ್ಕನ ಮಾತು ಅದು, ನನ್ನನ್ನು ಕೇಳಿದರೆ ಮುಂಭಾಗ ಸೊಗಸಾಗಿ ಹೊಲಿದು ಬೆನ್ನಿಗೆ ಬಟ್ಟೆ ಸಾಲದೆ ತೇಪೆ ಹಾಕಿದ ಕೋಟು, ಎದುರಿನಿಂದ ಬಂದವನನ್ನು ನೋಡಿ ಮೆಚ್ಚುತ್ತೀರಿ, ಅವನು ತಿರುಗಿದ ಮೇಲೆ ನಿಮಗೇ ನಾಚಿಕೆ.

ಗುಂಡಿಯ ವಿಷಯ ಅಕ್ಕನಿಗೆ ಹೇಳಿದ್ದರೆ ಎಷ್ಟು ನಗುತ್ತಿದ್ದಳು, ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು, ಬೇರೆಯವರ ಪುಸ್ತಕಗಳಲ್ಲಿ ಬಿಟ್ಟುಹೋದ ಕೊಂಬು, ದೀರ್ಘ, ಒತ್ತು ಹುಡುಕಿದವಳು, ಕಣ್ಣು ಹೋದದ್ದು ಸಕ್ಕರೆ ಕಾಯಿಲೆಯಿಂದ, ಆದರೂ ಕೇಳಿದವರಿಗೆಲ್ಲ ಕೊನೆಗೆ ತಿದ್ದಿದ ದಪ್ಪ ನಿಘಂಟಿನ ಕೆಲಸದಲ್ಲೇ ಹೋಯ್ತು ಎನ್ನುತ್ತಿದ್ದಳು, ಕಾಯಿಲೆಗಿಂತ ಅದು ಗೌರವದ ಕಾರಣ. ಮೊದಲೆಲ್ಲ ನನ್ನ ವಾರದ ರಜೆಯ ದಿನ ಇಬ್ಬರೂ ಮಧ್ಯಾಹ್ನದ ಆಟಕ್ಕೆ ಬರುತ್ತಿದ್ದೆವು, ಕಣ್ಣು ಪೂರ್ತಿ ಹೋದ ಮೇಲೂ ಒಂದೇ ಒಂದು ಸಲ ಬಂದಳು, ನಾನು ಪಕ್ಕದಲ್ಲಿ ಕೂತು ಈಗ ಅವನು ಮೆಟ್ಟಿಲು ಹತ್ತಿದ, ಈಗ ಅವಳು ಬಾಗಿಲು ಹಾಕಿಕೊಂಡಳು ಎಂದು ಪಿಸುಗುಟ್ಟುತ್ತಿದ್ದೆ, ಮುಂದಿನ ಸಾಲಿನವನು ತಿರುಗಿ ತಿರುಗಿ ನೋಡಿದ, ಸಾಕು ಕಣೇ, ಇನ್ಮೇಲೆ ನೀನು ನೋಡ್ಕೊಂಡು ಬಾ, ನಾನು ಮನೇಲಿ ಕೂತ್ಕೊಂಡು ನಿನ್ನ ಬಾಯಲ್ಲಿ ನೋಡ್ತೀನಿ. ಹಾಗೆ ಶುರುವಾಯಿತು, ಆರು ವರ್ಷ. ಮೊದಲನೆಯದು ಅಂಚೆಯವನ ಸಿನಿಮಾ, ಹತ್ತು ವರ್ಷ ತಡವಾಗಿ ಸಿಕ್ಕಿದ ಕಾಗದವನ್ನು ತಲುಪಿಸಲು ಹೊರಟವನು, ಒಳ್ಳೆಯ ಕಥೆ, ಅರ್ಧಕ್ಕೆ ಬಂದಾಗ ಅವನಿಗೊಬ್ಬ ಅವಳಿ ತಮ್ಮ ಹುಟ್ಟಿಕೊಂಡ, ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಅಕ್ಕ ಕೇಳಿದಳು, ಆ ತಮ್ಮ ಇಷ್ಟು ದಿನ ಎಲ್ಲಿದ್ದನಂತೆ? ನನಗೇನು ಗೊತ್ತು? ಅಣ್ಣನ ಮದುವೆಗೂ ಬರಲಿಲ್ವಾ? ಬರಲಿಲ್ಲ ಅಕ್ಕ. ಮನೆಯಲ್ಲಿ ಒಂದು ಫೋಟೋನೂ ಇರಲಿಲ್ವಾ? ಅವಳ ಮುಖ ಸಣ್ಣದಾಯಿತು, ಸಿನಿಮಾ ಕೆಟ್ಟದ್ದಕ್ಕೆ ನಾನೇ ಹೊಣೆ ಎಂಬಂತೆ ನನಗೆ ಮುಜುಗರ, ಮುಂದಿನ ವಾರದಿಂದ ದಾರಿಯಲ್ಲೇ ರಿಪೇರಿಗೆ ಇಳಿದೆ. ಚಿತ್ರಮಂದಿರದಿಂದ ಮನೆಗೆ ಇಪ್ಪತ್ತು ನಿಮಿಷದ ನಡಿಗೆ, ಔಷಧಿ ಅಂಗಡಿಯ ತಿರುವಿನಲ್ಲಿ ಖಳನಾಯಕನನ್ನು ಕೈಬಿಡುತ್ತಿದ್ದೆ, ಪೆಟ್ರೋಲ್ ಬಂಕಿನ ಹತ್ತಿರ ಬರುವಷ್ಟರಲ್ಲಿ ಸತ್ತವರನ್ನು ಎಬ್ಬಿಸುತ್ತಿದ್ದೆ, ಎದ್ದ ಮೇಲೆ ಅವರನ್ನು ಎಲ್ಲಿಗೆ ಕಳಿಸುವುದೆಂದು ಮೆಟ್ಟಿಲು ಹತ್ತುವಾಗ ಯೋಚಿಸುತ್ತಿದ್ದೆ, ಕೆಲವು ಸಲ ಮೆಟ್ಟಿಲು ಸಾಲದೆ ಬೀಗದ ಮುಂದೆ ನಿಂತುಬಿಡುತ್ತಿದ್ದೆ, ಒಳಗಿನಿಂದ ಅಕ್ಕ, ಯಾಕೇ, ಬೀಗದ ಕೈ ಸಿಗ್ತಿಲ್ವಾ? ಸಿಕ್ಕಿದೆ ಅಕ್ಕ, ಬಂದೆ. ಮುಗಿಸಿದ ಮೇಲೆ ಅವಳು ಉಸಿರು ಬಿಟ್ಟು, ಈಗಿನವರು ಪರವಾಗಿಲ್ಲ ಕಣೇ, ನಮ್ಮ ಕಾಲದಲ್ಲಿ ಇಷ್ಟು ಚೆನ್ನಾಗಿ ಮುಗಿಸ್ತಿರಲಿಲ್ಲ, ನಾನು ಒಲೆಯ ಕಡೆ ತಿರುಗಿ ಒಬ್ಬಳೇ ಬೀಗುತ್ತಿದ್ದೆ, ಆ ನಿರ್ದೇಶಕರಿಗೆ ಬಂದ ಹೊಗಳಿಕೆಯೆಲ್ಲ ನನ್ನದು.

ದೀಪ ಹತ್ತಿತು, ಮಧ್ಯಂತರ, ಹಾಲಿನಲ್ಲಿ ಇದ್ದವರೇ ಹನ್ನೊಂದು ಜನ, ಅದರಲ್ಲಿ ನಿದ್ದೆ ಮಾಡುತ್ತಿರುವವರು ಇಬ್ಬರು, ಚಹಾದ ಸಾಲಿನಲ್ಲಿ ನನ್ನ ಮುಂದೆ ನಿಂತವಳು ತಿರುಗಿ, ಅಯ್ಯೋ ಆಂಟಿ, ನೀವಾ! — ಅಕ್ಕನಿಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಕೊಡಲು ಬರುತ್ತಿದ್ದ ನರ್ಸ್ ಹುಡುಗಿ, ಮನೇಲಿ ಎರಡು ಸೂಜಿ ಇದಾವೆ, ಒಂದು ಚುಚ್ಚೋದು ಒಂದು ಹೊಲಿಯೋದು ಎಂದು ಅಕ್ಕ ನಮ್ಮಿಬ್ಬರನ್ನೂ ರೇಗಿಸುತ್ತಿದ್ದಳು, ಈಗ ದಪ್ಪಗಾಗಿದ್ದಾಳೆ, ಗಂಡ ಆಚೆ ಮಗುವನ್ನು ಎತ್ತಿಕೊಂಡು ನಿಂತಿದ್ದಾನೆ, ಅವನ ತೋಳಿನ ಹೊಲಿಗೆ ಬಿಟ್ಟಿದೆ. ಒಬ್ರೇ ಬಂದಿದೀರಾ ಆಂಟಿ? ಹೂಂ ಅಮ್ಮ, ರಜ ಇವತ್ತು. ಅಕ್ಕ ಹೋಗಿ ಎಷ್ಟಾಯ್ತು? ಏಳು ತಿಂಗಳು. ಈಗ ಸಿನಿಮಾ ಯಾರಿಗೆ ಹೇಳ್ತೀರಿ? ನಾನು ಸ್ನೇಹಿತೆಯೊಬ್ಬಳಿಗೆ ಫೋನಿನಲ್ಲಿ ಹೇಳ್ತೀನಿ ಅಂದೆ, ಎಂಥ ಸ್ನೇಹಿತೆ, ನನಗೆ ಫೋನು ಮಾಡುವವರು ಅಂಗಡಿಯ ಮಾಲೀಕರು ಮತ್ತು ಗ್ಯಾಸಿನವರು ಮಾತ್ರ, ಅವಳು ನಂಬಿದಳು, ನಕ್ಕಳು, ನಿಮ್ಮ ಸ್ನೇಹಿತೆ ಪುಣ್ಯವಂತೆ ಬಿಡಿ, ನಿಮ್ಮ ಸಿನಿಮಾನೇ ಬೇರೆ ಅಲ್ವಾ. ಏನು ಬೇರೆ? ಅಯ್ಯೋ, ನಿಮ್ಮಕ್ಕ ನಿಮ್ಗೆ ಹೇಳೇ ಇಲ್ವಾ? ನಾನು ಯಾವ ಸಿನಿಮಾ ಬಂದ್ರೂ ಮೊದಲನೇ ದಿನವೇ ನೋಡ್ಬಿಡ್ತೀನಲ್ಲ ಆಂಟಿ, ಬೆಳಿಗ್ಗೆ ಸೂಜಿ ಹಾಕೋವಾಗ ಕೇಳೋರು, ಇದ್ದದ್ದು ಇದ್ದ ಹಾಗೆ ಹೇಳೇ, ಒಂದು ಅಕ್ಷರ ಬಿಡಬೇಡ ಅಂತ, ನನ್ನಿಂದ ನಿಜವಾದ್ದು ಕೇಳ್ಕೊಳ್ಳೋರು, ಸಂಜೆ ನಿಮ್ಮಿಂದ ನಿಮ್ದು ಕೇಳೋರು, ಮಾರನೇ ದಿನ ನಂಗೆ ಒಪ್ಪಿಸೋರು, ನೋಡು ನನ್ನ ತಂಗಿ ಎಲ್ಲಿ ತಿದ್ದಿದಾಳೆ, ಎಷ್ಟು ಚೆಂದ ತಿದ್ದಿದಾಳೆ, ಆ ಕಳ್ಳ ಪೊಲೀಸ್‌ನ ಬೇರುಸಮೇತ ಕಿತ್ತಿದಾಳೆ ಅಂತ, ನಾವಿಬ್ರೂ ಎಷ್ಟು ನಗ್ತಿದ್ವಿ ಗೊತ್ತಾ. ಗೊತ್ತಿಲ್ಲ. ನನಗೆ ಗೊತ್ತಿರಲಿಲ್ಲ. ಚಹಾ ಕೈಗೆ ಬಂದಿತ್ತು, ಸುಡುತ್ತಿತ್ತು, ಆರು ವರ್ಷ ನಾನು ಕದ್ದು ಹೊಲಿದ ಹೊಲಿಗೆಯನ್ನೆಲ್ಲ ಅವಳು ಒಳಮೈ ತಿರುಗಿಸಿ ನೋಡಿದ್ದಳು, ನೋಡಿ ಮೆಚ್ಚಿಕೊಂಡಿದ್ದಳು, ನಗು ಬಂತು. ಗಂಟೆ ಹೊಡೆಯಿತು, ಅವಳು ಗಂಡನ ಕಡೆ ಹೋಗುತ್ತಾ ಮತ್ತೆ ತಿರುಗಿದಳು, ಆ ದೋಣಿ ಸಿನಿಮಾ ಇತ್ತಲ್ಲ ಆಂಟಿ, ಕೊನೇದು, ಮುದುಕನೂ ಮುಳುಗಿ, ಮೊಮ್ಮಗಳೂ ಮುಳುಗಿ, ನಾಯೀನೂ ಬಿಡಲಿಲ್ಲ ಪಾಪಿಗಳು, ನಿಮ್ಮಕ್ಕಂಗೆ ಹೇಳೋದೇ ಬೇಡ ಅಂದ್ಕೊಂಡಿದ್ದೆ, ಬಿಡಲಿಲ್ಲ ಅವ್ರು, ಹೇಳಿದ್ಮೇಲೆ ಏನಂದ್ರು ಗೊತ್ತಾ, ಇರಲಿ ಬಿಡೇ, ಸಂಜೆ ನಮ್ಮವಳು ನೋಡ್ಕೊಂಡು ಬರ್ತಾಳೆ, ಅವಳು ಯಾರನ್ನೂ ಸಾಯಿಸಲ್ಲ, ಅಂದ್ರು. ಮಾರನೇ ದಿನದಿಂದ ನಂಗೆ ಬೇರೆ ಕಡೆ ಡ್ಯೂಟಿ ಹಾಕಿದ್ರು, ಆಮೇಲೆ ಅವ್ರು ಆಸ್ಪತ್ರೆ ಸೇರಿದ್ರಂತೆ, ಕೇಳೋಕೇ ಆಗಲಿಲ್ಲ, ಯಾರ್ಯಾರನ್ನ ಉಳಿಸಿದ್ರಿ ಆಂಟಿ? ಎಲ್ಲರನ್ನೂ, ಅಂದೆ. ನಾಯೀನೂ? ನಾಯೀನೂ. ಅಬ್ಬ, ಒಳ್ಳೇದಾಯ್ತು.

ಕತ್ತಲು. ಗಡಿಯಾರ ರಿಪೇರಿಯವನು ಗಡಿಯಾರ ರಿಪೇರಿಯವನೇ ಅಲ್ಲವಂತೆ, ಗುಪ್ತ ಪೊಲೀಸಂತೆ, ಸೂಟ್‌ಕೇಸಿನವನನ್ನು ಹಿಡಿಯಲು ಬೆಂಚಿನ ಮೇಲೆ ಕೂತಿದ್ದನಂತೆ, ನಾನು ಹೇಳಲಿಲ್ಲವೇ, ಗೂಡ್ಸ್ ಗಾಡಿಯ ಮೇಲೆ ಹೊಡೆದಾಟ, ಗಾಜಿನ ಹಿಂದಿನ ಹೆಂಗಸು ಎಲ್ಲೋ ಹೋದಳು, ಅವಳನ್ನು ಎಲ್ಲರೂ ಮರೆತಿದ್ದಾರೆ, ನಾನು ಕಣ್ಣು ಬಿಟ್ಟುಕೊಂಡು ಕೂತಿದ್ದೇನೆ, ಕಾಣುತ್ತಿರುವುದು ಇದಲ್ಲ. ದೋಣಿ ಸಿನಿಮಾ ನೋಡಿದ ಆ ವಾರ ಯಾವುದೋ ಹೋಟೆಲಿನ ಎಂಬತ್ತು ಸಮವಸ್ತ್ರ ಬಂದಿದ್ದವು, ಎಲ್ಲದರ ಅಳತೆ ತಪ್ಪು, ರಜೆಯ ದಿನವೂ ಬೆಳಿಗ್ಗೆ ಹೋಗಿ ಮಧ್ಯಾಹ್ನದವರೆಗೆ ಹೊಲಿದು ಅಲ್ಲಿಂದಲೇ ನೇರ ಸಿನಿಮಾಕ್ಕೆ ಬಂದಿದ್ದೆ, ಅರ್ಧ ನೋಡಿದೆ, ಅರ್ಧ ತೂಕಡಿಸಿದೆ, ಮೊದಲರ್ಧದ ಆ ನದಿ ಎಷ್ಟು ಚೆನ್ನಾಗಿತ್ತು, ಸೇತುವೆ ಕಟ್ಟಿದ ಮೇಲೆ ಯಾರಿಗೂ ಬೇಡವಾದ ದೋಣಿಯನ್ನು ಮುದುಕ ದಿನಾ ತೊಳೆದಿಡುವುದು, ಕೊನೆಯಲ್ಲಿ ಯಾರಿಗೋ ಬೇಜಾರಾಗಿ ಎಲ್ಲರನ್ನೂ ಮುಳುಗಿಸಿಬಿಟ್ಟರು, ದಾರಿಯಲ್ಲಿ ನಾನು ಏನನ್ನೂ ತಿದ್ದಲಿಲ್ಲ, ಕಾಲು ನೋಯುತ್ತಿತ್ತು, ಔಷಧಿ ಅಂಗಡಿ ಬಂತು, ಹೋಯಿತು. ಬಾಗಿಲು ತೆಗೆದರೆ ಅಕ್ಕ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು, ಮುಖ ತೊಳೆದು ತಲೆ ಬಾಚಿಕೊಂಡು, ಸಿನಿಮಾಕ್ಕೆ ಹೊರಟವಳ ಹಾಗೆ, ಕಾಲ ಮೇಲೆ ಹೊದಿಕೆ, ಹೊದಿಕೆಯ ಅಂಚಿನ ಮೇಲೆ ಬಲಗೈಯ ತೋರುಬೆರಳು — ಕರಡು ತಿದ್ದುವಾಗಿನ ಅಭ್ಯಾಸ ಅದು, ನಾನು ಕಥೆ ಹೇಳುತ್ತಾ ಹೋದ ಹಾಗೆ ಬೆರಳು ಅಂಚಿನ ಹೊಲಿಗೆಯ ಮೇಲೆ ಸಾಲು ಹಿಡಿದು ಸರಿಯುತ್ತಿತ್ತು, ಎಲ್ಲಾದರೂ ಅನುಮಾನ ಬಂದರೆ ನಿಲ್ಲುತ್ತಿತ್ತು, ನಾನು ಬೆರಳು ನೋಡಿಕೊಂಡೇ ಕಥೆ ಸರಿಪಡಿಸುತ್ತಿದ್ದೆ, ಸರಿಹೋದ ಕೂಡಲೇ ಮತ್ತೆ ಸರಿಯುತ್ತಿತ್ತು. ಹ್ಞೂಂ, ಶುರು ಮಾಡು ಅಂದಳು. ಒಂದು ನದಿ ಅಂದೆ, ಒಬ್ಬ ಮುದುಕ ಅಂದೆ, ಬೆರಳು ಹೊರಟಿತು, ನಾನು ನಿಂತುಕೊಂಡೇ ಹೇಳುತ್ತಿದ್ದೆ, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ, ಆಮೇಲೆ ಸಾಕೆನಿಸಿತು, ಏನಿಲ್ಲ ಅಕ್ಕ, ದೋಣಿ ಮಗುಚಿತು, ಎಲ್ಲ ಸತ್ತರು, ಮುಗೀತು. ಬೆರಳು ನಿಂತಿತು. ಎಲ್ಲರೂನಾ? ಎಲ್ಲರೂ. ಆಮೇಲೆ? ಸತ್ತ ಮೇಲೆ ಆಮೇಲೆ ಏನಿರುತ್ತೆ ಅಕ್ಕ, ನಂಗೆ ಸುಸ್ತಾಗಿದೆ. ಅವಳು ಮುಖವನ್ನು ನನ್ನ ಕಡೆಯೇ ಇಟ್ಟುಕೊಂಡು ಮೆಲ್ಲಗೆ, ನೀನು ಸರಿಯಾಗಿ ನೋಡಿದೆಯೇನೇ? ನಾನು ರೇಗಿದೆ, ಕಣ್ಣಿದೆಯಲ್ಲ ನಂಗೆ, ನೋಡದೆ ಮತ್ತೆ? ಕಣ್ಣಿದೆಯಲ್ಲ ನಂಗೆ, ಅಂದುಬಿಟ್ಟೆ ಅವಳಿಗೆ. ಹೂಂ, ಸರಿ, ಕೈಕಾಲು ತೊಳ್ಕೋ ಹೋಗು, ಅಂದಳು. ಅದು ಗೊತ್ತಿಲ್ಲದವಳ ಪ್ರಶ್ನೆ ಎಂದುಕೊಂಡಿದ್ದೆ ಇವತ್ತಿನವರೆಗೆ, ಅವಳಿಗೆ ಎಲ್ಲ ಗೊತ್ತಿತ್ತು, ಬೆಳಿಗ್ಗೆಯೇ ಗೊತ್ತಿತ್ತು, ಮುದುಕ, ಮೊಮ್ಮಗಳು, ನಾಯಿ, ಅವಳು ಕೇಳಿದ್ದಲ್ಲ, ತಿದ್ದಿ ಹೇಳೆಂದು ಬೇಡಿದ್ದು. ಮೂರನೇ ದಿನ ಆಸ್ಪತ್ರೆ, ಬಾಯಲ್ಲಿ ನಳಿಕೆ, ಹೊರಗಿನ ಕುರ್ಚಿಯಲ್ಲಿ ನಾನು, ಅಲ್ಲಿ ಯಾರಿಗೂ ಕಥೆ ಬೇಕಿರಲಿಲ್ಲ.

ದೀಪಗಳು ಹತ್ತಿದವು, ಜನ ಏಳುತ್ತಿದ್ದಾರೆ, ಆಚೆ ಬಾಗಿಲಿನಿಂದ ನರ್ಸ್ ಹುಡುಗಿ ಕೈ ಬೀಸುತ್ತಾಳೆ, ಕೆಡಿಸಿಬಿಟ್ಟರಲ್ವಾ ಆಂಟಿ, ನೀವೇ ಏನಾದ್ರೂ ಮಾಡಿ ಇದಕ್ಕೆ! ಮಾಡೋಣ ಅಂದೆ, ಕೈ ಬೀಸಿದೆ, ಹೊರಗೆ ಇನ್ನೂ ಬಿಸಿಲು, ಮಧ್ಯಾಹ್ನದ ಆಟದಿಂದ ಹೊರಬಂದಾಗ ಕಣ್ಣಿಗೆ ಚುಚ್ಚುವ ಈ ಬಿಸಿಲು, ಕಾಲು ತಾನಾಗಿ ನಡೆಯುತ್ತದೆ, ತಲೆಯೂ ತಾನಾಗಿ ಕೆಲಸಕ್ಕೆ ಇಳಿಯುತ್ತದೆ, ಔಷಧಿ ಅಂಗಡಿಯ ತಿರುವಿನಲ್ಲಿ ಸೂಟ್‌ಕೇಸಿನವನನ್ನು ಕೈಬಿಟ್ಟೆ, ಗಡಿಯಾರದವನು ಗಡಿಯಾರದವನೇ ಇರಲಿ, ಒಂದು ದಿನ ಅವನಿಗೆ ಗೊತ್ತಾಗುತ್ತದೆ, ಈ ಧ್ವನಿಗೆ ಎಂದೂ ನೆಗಡಿಯಾಗುವುದಿಲ್ಲ, ಎಂದೂ ಸುಸ್ತಾಗುವುದಿಲ್ಲ, ಇದು ಯಂತ್ರದ್ದು, ಎದ್ದು ವಿಚಾರಣೆಯ ಕಿಟಕಿಗೆ ಹೋಗಿ, ಇಲ್ಲಿ ಮೊದಲು ಮೈಕಲ್ಲಿ ಹೇಳ್ತಿದ್ದೋರು ಎಲ್ಲಿ ಹೋದ್ರು ಮೇಡಂ ಎಂದು ಕೇಳುತ್ತಾನೆ, ಅವಳು ಚೀಟಿಯ ಮೇಲೆ ಬರೆಯುತ್ತಾಳೆ — ಏನು ಬರೆಯುತ್ತಾಳೆ, ಪೆಟ್ರೋಲ್ ಬಂಕಿನ ಹತ್ತಿರ ನಿಂತು ಯೋಚಿಸುತ್ತೇನೆ, ಪಕ್ಕದಲ್ಲಿ ಹಾರನ್ ಹೊಡೆಯುತ್ತಾರೆ, ಹೇಳಿ, ಯಾವ ಗಾಡಿ ಬೇಕಿತ್ತು ನಿಮಗೆ, ಎಂದು ಬರೆಯುತ್ತಾಳೆ, ಅಷ್ಟೇ ಸಾಕು, ಅಲ್ಲಿಗೆ ಮುಗಿಯಲಿ, ಚೆನ್ನಾಗಿದೆ, ಇಷ್ಟು ಚೆನ್ನಾಗಿ ಎಂದೂ ತಿದ್ದಿರಲಿಲ್ಲ, ಮೆಟ್ಟಿಲು, ಬೀಗ, ಒಳಗಿನಿಂದ ಯಾರೂ ಏನೂ ಕೇಳಲಿಲ್ಲ. ಕೋಣೆಯಲ್ಲಿ ಮಂಚ ಇದ್ದ ಹಾಗೇ ಇದೆ, ಹೊದಿಕೆಯೂ, ಏಳು ತಿಂಗಳಿಂದ ಮಡಿಚಿಟ್ಟಿಲ್ಲ, ಕುರ್ಚಿ ಎಳೆದುಕೊಂಡು ಕೂತೆ, ಈ ಸಲ ಚಪ್ಪಲಿ ಬಿಟ್ಟು ಕೂತೆ, ಅಕ್ಕ ಅಂದೆ ಗಟ್ಟಿಯಾಗಿ, ಧ್ವನಿ ಗೋಡೆಗೆ ತಾಕಿ ನನಗೇ ಬಂತು, ಅಕ್ಕ, ಒಂದು ರೈಲು ನಿಲ್ದಾಣ, ಇಲ್ಲ, ಅದು ಆಮೇಲೆ, ಮೊದಲು ದೋಣಿಯದು, ನಾನು ಆವತ್ತು ಸರಿಯಾಗಿ ನೋಡಿರಲಿಲ್ಲ ಅಕ್ಕ, ದೋಣಿ ಮಗುಚಿದ್ದು ನಿಜ, ಆದರೆ ದಡದ ಹತ್ತಿರವೇ, ನಾಯಿ ಮೊದಲು ಈಜಿಕೊಂಡು ಬಂತು, ಅದರ ಕೊರಳ ಪಟ್ಟಿ ಹಿಡಿದುಕೊಂಡು ಮೊಮ್ಮಗಳು, ಕೆಮ್ಮುತ್ತಾ, ಅಳುತ್ತಾ, ಬಂದಳು, ಬದುಕಿದಳು, ಮುದುಕ, ಮುದುಕನನ್ನು, ನೀರಿನಲ್ಲೇ ಹುಟ್ಟಿ ಬೆಳೆದವನು ಅವನು, ಅವನು ಹೇಗೆ ಮುಳುಗುತ್ತಾನೆ, ಬಂದ ಅಕ್ಕ, ಅವನೂ ಬಂದ, ದೋಣಿಯನ್ನೂ ಎಳೆದುಕೊಂಡು ಬಂದ — ಕೇಳಿಸಿತಾ, ಯಾರೂ ಸಾಯಲಿಲ್ಲ, ಆಮೇಲೆ, ಆಮೇಲೆ ಅವರು ಮೂವರೂ ದಡದಲ್ಲಿ ಬಟ್ಟೆ ಹಿಂಡಿಕೊಂಡು, ಆಮೇಲೆ, ಆವತ್ತು ತಲೆ ಬಾಚಿಕೊಂಡು ಕೂತವಳ ಕಾಲ ಮೇಲೆ ಹೊದಿಕೆ, ಹೊದಿಕೆಯ ಅಂಚು, ನಾನೇ ಮಡಿಚಿ ಹೊಲಿದ ಅಂಚು, ಬೆರಳು, ಆಮೇಲೆ ಮುದುಕ ದೋಣಿಯನ್ನು ಮತ್ತೆ ತೊಳೆದು, ಬೆರಳು ಸರಿಯುವುದಿಲ್ಲ, ಆಮೇಲೆ, ಅಕ್ಕನ ಬೆರಳು, ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದ ಬೆರಳು, ಹೊಲಿಗೆಯ ಮೇಲೆ, ಆವತ್ತು ನಿಂತಲ್ಲೇ, ಅಲ್ಲೇ.