ಸಣ್ಣವ್ವನ ಕೊರಳಿನ ಗಿಣಿ

ಕುಷ್ಟಗಿಯಲ್ಲಿ ಅಮೃತಾಳ ಹಿಟ್ಟಿನ ಗಿರಣಿಗೆ ಹೋಗಬೇಕಾದವರು ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ಸದ್ದು ಹಿಡಿದು ಹೋದರೆ ಸಾಕು. ಮುಂದಿನ ಪಡಸಾಲೆಯಲ್ಲಿ ಗಿರಣಿ, ಒಳಬಾಗಿಲು ದಾಟಿದರೆ ಮನೆ, ಆ ಮನೆಯೇ ಮಗಳ ಶಾಲೆ. ಎಂಟನೇ ಇಯತ್ತೆಯ ವಯಸ್ಸಿನ ತನುಜಾ ಒಬ್ಬಳೇ ವಿದ್ಯಾರ್ಥಿನಿ. ಡಿ.ಎಡ್. ಮುಗಿಸಿಯೂ ನೌಕರಿ ಸಿಗದೆ ಗಿರಣಿಯ ಗುಂಡಿ ಒತ್ತುತ್ತ ಕೂತ ಅಮೃತಾ ಒಬ್ಬಳೇ ಮಾಸ್ತರಣಿ. ಗಂಡ ಕಳಕಪ್ಪ ಗಂಗಾವತಿಯ ಅಕ್ಕಿ ಮಿಲ್ಲಿನ ಲಾರಿ ಓಡಿಸುವವನು; ಅಪರೂಪಕ್ಕೆ ಬಂದು, ಉಂಡು, "ನಿನಗ ತಿಳದಂಗ ಮಾಡು" ಎಂದು ಮಗ್ಗಲು ಹೊರಳುವವನು.

ಮಗಳನ್ನು ಶಾಲೆ ಬಿಡಿಸಿದ ಕತೆ ಓಣಿಗೆಲ್ಲ ಗೊತ್ತಿತ್ತು. ಅವಳು ಹೋಗುತ್ತಿದ್ದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದು ಕಟ್ಟಿಗೆಯ ಬಿಲ್ಲೆ ಇತ್ತು. ಯಾರ ಬಾಯಿಂದ ಮನೆಮಾತು ಬಂತೋ ಅವರ ಕೊರಳಿಗೆ ಅದು. ಇನ್ನೊಬ್ಬರು ತಪ್ಪುವವರೆಗೆ ಇಳಿಸುವಂತಿಲ್ಲ. ಆರನೇ ಇಯತ್ತೆಯ ತನುಜಾ ಅದನ್ನು ಹೊತ್ತು ಹೊತ್ತು ಕಡೆಗೆ ಬಾಯಿಯನ್ನೇ ಬಿಡದಾದಳು. ಅಮೃತಾ ಶಾಲೆಗೆ ಹೋದವಳೇ ಆ ಬಿಲ್ಲೆಯನ್ನು ಹೆಡ್‌ಮಾಸ್ತರರ ಮೇಜಿನ ಮೇಲೆ ಒಗೆದು, "ತುಡುಗ ದನಕ್ಕ ಕಟ್ಟಿದಂಗ ನನ್ನ ಮಗಳ ಕೊಳ್ಳಾಗ ಕಟಗಿ ಕಟ್ಟೀರಲ್ರೀ, ನೀವೇನ್ ಮಾಸ್ತರೋ ದನಾ ಕಾಯವ್ರೋ?" ಎಂದು ಕೇಳಿ, ಮಗಳ ಕೈ ಹಿಡಿದು ಕರೆತಂದಿದ್ದಳು.

ಹುಡುಗಿಯ ಬಾಯಿ ಮತ್ತೆ ಬಿಡಿಸಿದ್ದು ಸಣ್ಣವ್ವ. ಅಮೃತಾಳ ತಾಯಿ ಅವಳು. ಗಂಡ ಸತ್ತ ಮೇಲೆ ಗಂಡನೂರು ಹುಲಿಹೈದರ ಬಿಟ್ಟು ಮಗಳ ಮನೆ ಸೇರಿದ್ದಳು. ಅಳಿಯನ ಅನ್ನ ಉಣ್ಣುವ ಸಂಕೋಚಕ್ಕೆ ಮಗಳ ಎದುರು ಜೋರು ದನಿ ತೆಗೆಯುತ್ತಿರಲಿಲ್ಲ, ನಿಜ. ಆದರೆ ಮೊಮ್ಮಗಳು ಮಗ್ಗಲಿಗೆ ಬಂದು ಕೂತರೆ ಮಾತು ಕಾಲುವೆಗೆ ನೀರು ಬಿಟ್ಟ ಹಾಗೆ. ಸೊಸೆಯಾಗಿ ಹುಲಿಹೈದರಕ್ಕೆ ಬಂದದ್ದು, ಕರಿ ಆಕಳು ಮದುವೆ ಚಪ್ಪರದ ತೋರಣ ತಿಂದು ಬೀಗರ ಕೈಲಿ ಹೊಡೆಸಿಕೊಂಡದ್ದು. ಕೇಳಿ ಕೇಳಿ ಹುಡುಗಿ ನಕ್ಕಳು, ನಕ್ಕು ನಕ್ಕು ಮಾತಾಡಿದಳು. ಸಣ್ಣವ್ವನಿಗೆ ಆ ಮನೆಯಲ್ಲಿ ತನ್ನದೆಂದು ಇದ್ದದ್ದು ಇಷ್ಟೇ: ಮೊಮ್ಮಗಳ ಜೊತೆಗಿನ ಮಾತು.

ಕೊಪ್ಪಳದ ಒಂದು ವಸತಿ ಶಾಲೆಯಲ್ಲಿ ಮನೆಯಲ್ಲೇ ಓದಿದ ಮಕ್ಕಳನ್ನೂ ಒಂಬತ್ತನೆಯದಕ್ಕೆ ತೆಗೆದುಕೊಳ್ಳುತ್ತಾರೆಂದು ತಿಳಿದದ್ದೇ ತಡ, ಅಮೃತಾಳ ನಿದ್ದೆ ಹಾರಿತು. ಬರವಣಿಗೆಯಲ್ಲಿ ಪಾಸಾದವರನ್ನು ಗುರುಗಳ ಮುಂದೆ ಕೂರಿಸಿ ಮಾತಾಡಿಸಿ ನೋಡುತ್ತಾರಂತೆ. ಗಣಿತದ ಹೆದರಿಕೆಯಿರಲಿಲ್ಲ. ಭಾಷೆಗೆ ಅವಳು ಯೋಜನೆ ಹಾಕಿದಳು. ಬೆಳಗಿನ ಹೊತ್ತು ಕನ್ನಡ ಗದ್ಯ, ಓದಿದ್ದನ್ನು ಅರ್ಧಕ್ಕಿಳಿಸಿ ಬರೆಯುವುದು. ಮೂರು ಫೇಜ್ ಕರೆಂಟು ಬಂದು ತಾನು ಗಿರಣಿಗೆ ನಿಂತಾಗ ಇಂಗ್ಲಿಷ್ ಪತ್ರ, ಶಬ್ದ. ಸಂಜೆ ಒಂದು ಘಟನೆ, ಸ್ವಂತ ಮಾತಿನಲ್ಲಿ.

ಮೊದಲ ಸಂಜೆಯೇ ತನುಜಾ ತೋರಣ ತಿಂದ ಆಕಳನ್ನು ಬರೆದಳು. ಮೈತುಂಬ ಹಿಟ್ಟು ಮೆತ್ತಿಕೊಂಡು ನಿಂತೇ ಓದಿದ ಅಮೃತಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಕೊಪ್ಪಳದ ಗುರುಗಳು ನೆನಪಾದರು. ಕೆಂಪು ಪೆನ್ನು ತೆಗೆದು ಹಾಳೆಯ ಉದ್ದಕ್ಕೂ ಗೆರೆ ಎಳೆದಳು.

"ಇದರಾಗ ಬರೇ ನಿಮ್ಮಜ್ಜಿ ಅದಾಳ. ಆ ಗುರುಗಳ ಮುಂದ ಹಿಂಗ ಬಾಯಿ ಬಿಟ್ಟಿ ಅಂದ್ರ, ಎದ್ದು ಹೋಗವ್ವಾ, ರೊಟ್ಟಿ ಬಡಿ ಹೋಗು ಅಂತಾರ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಸಣ್ಣವ್ವ, "ನಾ ಏನ್ ಕೆಟ್ಟದ್ದ ಕಲಿಸೀನಬೇ?" ಎಂದಳು.

"ನೀ ಬಾಯಿ ತಗದಿ ಅಂದ್ರ ಅದ ಕೆಟ್ಟದ್ದು ನೋಡು."

ಮರುದಿನ ಅಮೃತಾ ಕಪಾಟಿನ ಮೇಲಿದ್ದ ಕಿನ್ನಾಳದ ಮರದ ಗಿಣಿ ಇಳಿಸಿದಳು. ಮಗಳ ಮೊದಲ ಹುಟ್ಟುಹಬ್ಬಕ್ಕೆ ತಂದದ್ದು, ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ. ಅದರ ಕುತ್ತಿಗೆಗೆ ದಾರ ಕಟ್ಟಿ ಅಜ್ಜಿ ಮೊಮ್ಮಗಳಿಬ್ಬರಿಗೂ ಆಟ ಹೇಳಿದಳು. ಒಳಬಾಗಿಲು ದಾಟಿ ಮನೆಯೊಳಗೆ ಬಂದರೆ ಪುಸ್ತಕದ ಕನ್ನಡ ಇಲ್ಲವೇ ಇಂಗ್ಲಿಷ್. ತಪ್ಪಿದವರ ಕೊರಳಿಗೆ ಗಿಣಿ. ಊಟದ ಹೊತ್ತಿಗೆ ಅದು ಯಾರ ಕೊರಳಲ್ಲಿದೆಯೋ ಅವರು ಬೆಳಗಿನವರೆಗೆ ತುಟಿ ಬಿಚ್ಚಬಾರದು. ಗೆದ್ದವರಿಗೆ ಅರ್ಧ ತಾಸು ಮೊಬೈಲು.

ತನುಜಾ ಆ ಗಿಣಿಯನ್ನೂ ತಾಯಿಯ ಮುಖವನ್ನೂ ನೋಡಿದಳು. ಶಾಲೆಯ ಬಿಲ್ಲೆ ಅವಳಿಗೆ ನೆನಪಾಗಲಿಲ್ಲ ಎನ್ನುವಂತಿಲ್ಲ. ಆದರೆ ಈ ಸಲ ಎದುರಾಳಿ ಸಣ್ಣವ್ವ.

ಸಣ್ಣವ್ವ ಮೊದಲ ದಿನ ನಕ್ಕಳು. ಕೊರಳಲ್ಲಿ ಗಿಣಿ ತೂಗಾಡಿಸುತ್ತ ಗಿರಣಿಗೆ ಬಂದಾಗ ಜೋಳ ಬೀಸಿಸಲು ಕೂತಿದ್ದ ಇಮಾಮಬೀ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನವಾ ಸಣ್ಣವ್ವಾ, ಶಕುನಾ ಹೇಳಾಕ ಹೊಂಟೀಯೇನ? ನನ್ನ ಸಣ್ಣ ಮಗನ ಲಗ್ನ ಯಾವಾಗಂತ ಕೇಳು ನಿನ್ನ ಗಿಣಿನ್ನ."

"ನನಗ ಮಾತಾಡಾಕ ಹುಕುಂ ಇಲ್ಲವಾ. ಗಿಣಿನ್ನ ನೀನ ಕೇಳು."

"ಯಾ ಅಲ್ಲಾ! ಮತ್ತ ಈಗ ಮಾತಾಡಿದ್ದೇನು?"

"ಇದು ಗಿರಣಿ, ಇಲ್ಲಿ ಮಾಫಿ ಐತಿ."

ಆ ಮಾಫಿಯೂ ಬಹಳ ದಿನ ಉಳಿಯಲಿಲ್ಲ. ಗಿಣಿ ಕಟ್ಟಿಕೊಂಡು ಗಿರಣಿಯಲ್ಲಿ ಹರಟಿದರೆ ಶಿಕ್ಷೆ ಹೇಗಾಯಿತು ಎಂದು ತನುಜಾ ಶುದ್ಧ ಕನ್ನಡದಲ್ಲಿ ವಾದಿಸಿದಳು. ವಾದ ಚೆನ್ನಾಗಿತ್ತು. ಅಮೃತಾ ಒಪ್ಪಿಕೊಂಡಳು.

ಹುಡುಗಿಯ ಕೈ ಪಳಗಿತು. ಅಜ್ಜಿಯನ್ನು ಮಾತಿಗೆ ಎಳೆಯುವ ದಾರಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆನ್ನ ಹಿಂದೆ ಬಂದು, "ಅಜ್ಜಿ, ಹಾಲು ಉಕ್ಕುತ್ತಿದೆ" ಎನ್ನುವಳು. "ಅಯ್ಯ ಶಿವನ, ಎಲ್ಲೆವಾ?" ಎಂದು ಸಣ್ಣವ್ವ ತಿರುಗಿದರೆ ದಾರ ಕೊರಳಿಗೆ. ಮುದುಕಿ ಎರಡು ಮೂರು ಸಲ ಪುಸ್ತಕದ ಕನ್ನಡ ಆಡಲು ನೋಡಿದಳು. ತಾಯಿ ಮಗಳಿಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳು ಆ ಗೊಡವೆಗೂ ಹೋಗಲಿಲ್ಲ. ಯಾವುದಕ್ಕೂ ಸೋಲದಿದ್ದಾಗ ಇನ್ನೊಂದು ಅಸ್ತ್ರವಿತ್ತು: "ಅಜ್ಜಿ, ನಿನ್ನ ಕರಿ ಆಕಳ ಹೆಸರೇನು?" ಆ ಪ್ರಶ್ನೆಗೆ ಸಣ್ಣವ್ವ ಒಂದು ದಿನವೂ ಸುಮ್ಮನಿದ್ದವಳಲ್ಲ. ಮೋಸವೆಂದು ತಿಳಿದೂ ಹೇಳುವಳು. ಮೊಮ್ಮಗಳು ಕೇಳಿದಳಲ್ಲ!

ಬರಬರುತ್ತ ಗಿಣಿ ಇಳಿಸುವುದೇ ನಿಂತಿತು; ಮೊಬೈಲಿಗಾಗಿ ಅಜ್ಜಿಯನ್ನು ಸೋಲಿಸುವುದು ಮಾತ್ರ ದಿನಾ ನಡೆಯಿತು. ಸಣ್ಣವ್ವ ಅದನ್ನು ಕಟ್ಟಿಕೊಂಡೇ ಏಳುವಳು, ಕಟ್ಟಿಕೊಂಡೇ ಮಲಗುವಳು. ಅತ್ತ ತನುಜಾಳ ಪ್ರಬಂಧಗಳಲ್ಲಿ ಕೆಂಪು ಗೆರೆಗಳು ಕಾಣೆಯಾದವು. ಒಂದಾದರೂ ನಗು ಬರಿಸುತ್ತಿರಲಿಲ್ಲ. ಯೋಜನೆ ಫಲ ಕೊಟ್ಟಿತೆಂದು ಅಮೃತಾ ತಿಳಿದಳು.

ಸಂತೆಯ ಹಿಂದಿನ ದಿನ, ಮಧ್ಯಾಹ್ನ ಕರೆಂಟು ಹೋದ ಹೊತ್ತು, ತನುಜಾ ಗಿರಣಿಗೆ ಓಡಿ ಬಂದಳು. "ಅಮ್ಮಾ, ಅಜ್ಜಿ ಇಂದು ಸೋಲಲಿಲ್ಲ! ಆಕಳ ಹೆಸರು ಕೇಳಿದೆ. ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಎರಡನೇ ಸಲ ಕೇಳಿದರೂ ಒಂದು ಮಾತಿಲ್ಲ."

ಬೆಲ್ಟಿನ ಧೂಳು ಒರೆಸುತ್ತಿದ್ದ ಅಮೃತಾ ನಕ್ಕಳು. "ಅಂತೂ ಮುದುಕಿ ಆಟ ಕಲತಳು."

ರಾತ್ರಿ ಊಟಕ್ಕೆ ಕೂತಾಗ ಸಣ್ಣವ್ವನ ಬಲಗೈಯಿಂದ ರೊಟ್ಟಿ ಜಾರಿತು. ಎತ್ತಿಕೊಳ್ಳಲಿಲ್ಲ. ಬೆಳಗಿನಿಂದ ನಿಂತೇ ಇದ್ದ ಅಮೃತಾಳಿಗೆ ಸಿಟ್ಟು ನೆತ್ತಿಗೇರಿತು.

"ಸೆಡವು ಯಾರಿಗ ತೋರಸ್ತೀ? ಉಣ್ಣೂದಿದ್ರ ಉಣ್ಣು, ಇಲ್ಲಂದ್ರ ಬಿಡು. ನನ್ನ ಮಗಳ ನಸೀಬ ತಿದ್ದಾಕ ಹೊಂಟ್ರ ನಿನಗ ನಾಟಕ ಬೇಕಾತು!"

ಸಣ್ಣವ್ವ ಮಗಳನ್ನೇ ನೋಡಿದಳು. ಗಂಟಲಿನಿಂದ ಒಂದು ಸದ್ದು ಬಂತು. ತನುಜಾ ತುಟಿಯ ಮೇಲೆ ಬೆರಳಿಟ್ಟು, "ಶ್, ನಿಯಮ!" ಎಂದಳು.

ಮರುದಿನ ಖಾರ ಕುಟ್ಟಿಸಲು ಬಂದ ಇಮಾಮಬೀ ಒಳಗೆ ಇಣುಕಿದವಳೇ ಗೋಣಿಚೀಲ ಕೈಬಿಟ್ಟಳು. "ಏ ಅಮೃತಾ! ಇಲ್ಲೆ ಬಾಬೇ! ನಿಮ್ಮವ್ವನ ಬಾಯಿ ಸೊಟ್ಟ ಆಗೈತಿ, ಜೊಲ್ಲ ಸುರದು ಸೀರಿ ತೊಯ್ದೈತಿ. ಕಣ್ಣ ಅದಾವಿಲ್ಲ ನಿನಗ?"

"ಆಕಿ ಮಾತ ಬಿಟ್ಟಾಳ, ಸಿಟ್ಟ ಬಂದೈತಿ."

"ಸಿಟ್ಟ ಬಂದ್ರ ಕೈ ಬೀಳ್ತೈತೇನ? ನೋಡಿಲ್ಲೆ!" ಇಮಾಮಬೀ ಸಣ್ಣವ್ವನ ಬಲಗೈ ಎತ್ತಿ ಬಿಟ್ಟಳು. ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು. ಇಮಾಮಬೀ ಕೊರಳಿನ ದಾರಕ್ಕೆ ಬಾಯಿ ಹಾಕಿ, ಹಲ್ಲಿನಲ್ಲೇ ಕಡಿದು, ಗಿಣಿಯನ್ನು ಅಂಗಳಕ್ಕೆ ಎಸೆದಳು.

ಸಿಕ್ಕ ಗಾಡಿ ಹತ್ತಿ ಕೊಪ್ಪಳ ಮುಟ್ಟುವಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಅಮೃತಾ, "ಯವ್ವಾ, ಏನರ ಮಾತಾಡಬೇ, ಬೈಯರ ಬೈಯಿ" ಎಂದು ಅಂಗಲಾಚಿದಳು. ಸಣ್ಣವ್ವನ ಕಣ್ಣು ಮಾತ್ರ ಮಗಳು ಮೊಮ್ಮಗಳ ನಡುವೆ ಹೊರಳುತ್ತಿತ್ತು.

ಆಸ್ಪತ್ರೆಯಲ್ಲಿ ತಲೆಯ ಫೋಟೋ ನೋಡಿದ ಡಾಕ್ಟರು ಹೊರಗೆ ಬಂದರು. "ನೋಡ್ರೀ ಅಮ್ಮಾರ, ಮೆದುಳಿನಾಗ ರಕ್ತ ಹೆಪ್ಪಗಟ್ಟೈತಿ. ಒಂದು ಇಂಜೆಕ್ಷನ್ ಐತಿ, ಹೆಪ್ಪ ಕರಗಸ್ತೈತಿ, ಮಾತು ತಿರುಗಿ ಬಂದ್ರೂ ಬರಬಹುದು. ಆದ್ರ ನಾಕೈದು ತಾಸಿನೊಳಗ ಕೊಡಬೇಕು. ಹೊತ್ತ ಮೀರಿದ ಮ್ಯಾಲ ಕೊಟ್ರ ಜೀವಕ್ಕ ಅಪಾಯ. ಖರೇ ಹೇಳ್ರಿ, ಮಾತು ನಿಂತಿದ್ದು ಯಾವಾಗ?"

"ಇವತ್ತ ಮುಂಜಾನಿ," ಎಂದಳು ಅಮೃತಾ. ಹೇಳಿದ ಮೇಲೆ ತನಗೇ ಅದು ಸುಳ್ಳೋ ಆಸೆಯೋ ತಿಳಿಯಲಿಲ್ಲ. "ಮುಂಜಾನಿ ಎದ್ದ ಮ್ಯಾಲ್ರಿ. ಕೊಟ್ಟಬಿಡ್ರಿ, ನಿಮ್ಮ ಕಾಲ ಬೀಳ್ತೀನಿ."

ಡಾಕ್ಟರು ನರ್ಸಿನತ್ತ ತಿರುಗಿದರು.

"ಇಲ್ಲ ಸರ್," ಎಂದಳು ತನುಜಾ. ಬೆನ್ನು ನೆಟ್ಟಗೆ ಮಾಡಿ, ಕೈ ಹಿಂದೆ ಕಟ್ಟಿ, ಮನೆಯಲ್ಲಿ ರೂಢಿ ಮಾಡಿಸಿದ ಹಾಗೇ ನಿಂತಿದ್ದಳು. "ನಿನ್ನೆ ಮಧ್ಯಾಹ್ನ ನಾನು ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿದೆ. ಅವಳು ಉತ್ತರಿಸಲು ಪ್ರಯತ್ನಿಸಿದಳು, ಆದರೆ ಮಾತು ಹೊರಡಲಿಲ್ಲ. ರಾತ್ರಿ ಊಟದ ವೇಳೆಗೆ ಬಲಗೈ ಕೂಡ ದುರ್ಬಲವಾಗಿತ್ತು. ಅದನ್ನು ನಾವು ತಪ್ಪಾಗಿ ಅರ್ಥಮಾಡಿಕೊಂಡೆವು."

ಎಲ್ಲಿಯೂ ತಡವರಿಸಲಿಲ್ಲ. ಒಂದು ಘಟನೆ, ಸ್ವಂತ ಮಾತಿನಲ್ಲಿ.

ಡಾಕ್ಟರು ನರ್ಸಿಗೆ ಬೇಡವೆಂದು ಕೈಸನ್ನೆ ಮಾಡಿದರು. "ಮುಗೀತು ಬಿಡ್ರಿ. ನಿನ್ನೆ ಮಧ್ಯಾನ್ನ ಕರಕೊಂಡ ಬಂದಿದ್ರ ನೋಡಬಹುದಿತ್ತು. ಇನ್ನ ಈ ಬಾಯಾಗಿಂದ ಮಾತು ಬರೂದು ಕಷ್ಟ." ಆಮೇಲೆ, ಬರೀ ಕೆಟ್ಟ ಸುದ್ದಿ ಹೇಳಿ ಹೋಗಬಾರದೆಂದೋ ಏನೋ, ಹುಡುಗಿಯ ತಲೆ ಸವರಿದರು. "ಭಾಳ ಛಂದ ಮಾತಾಡ್ತೀಯವಾ. ಹಿಂಗ ಬಿಡಿಸಿ ಹೇಳಾವ್ರು ದೊಡ್ಡವ್ರಾಗೂ ಸಿಗೂದಿಲ್ಲ. ಯಾವ ಸಾಲಿ?"

ತನುಜಾ ತಾಯಿಯ ಕಡೆ ನೋಡಿದಳು.

ಅಮೃತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳು ಇನ್ನೂ ನಿಂತಿರಲಿಲ್ಲ, ಅದರ ಕೆಳಗಿನಿಂದ ಇನ್ನೇನೋ ಬೆಚ್ಚಗೆ ಏರಿ ಬರುತ್ತಿತ್ತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

"ಸಾಲಿ ಇಲ್ರಿ ಸರ," ಎಂದಳು. "ಮನ್ಯಾಗ ನಾನ ಕಲಸೀನ್ರಿ."

ಸ್ಟ್ರೆಚರಿನ ಮೇಲಿದ್ದ ಸಣ್ಣವ್ವ ಎಡಗೈಯಿಂದ ಮೊಮ್ಮಗಳ ಲಂಗದ ಅಂಚು ಹಿಡಿದು ಎಳೆಯುತ್ತಿದ್ದಳು. ಹುಡುಗಿ ತಿರುಗಿ ನೋಡಲಿಲ್ಲ. ಡಾಕ್ಟರು ಅವಳ ಹೆಸರು ಕೇಳುತ್ತಿದ್ದರು.