ಮಧ್ಯಾಹ್ನದ ಕುರಿಗಳು

ಈಶ್ವರನ್ ನನಗೆ ತಂದುಕೊಟ್ಟ ಟೀಯಲ್ಲಿ ಸಕ್ಕರೆ ಇರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಎಂದು ಯಾವಾಗಲೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದ. ಇಂಥ ಸಣ್ಣ ಉಪಚಾರಕ್ಕೆ ನಾನು ಬೇಗ ಕರಗುತ್ತೇನೆ. ಈಗ ಟೀ ಲೋಟ ಕಂಡರೆ ದೂರ ಸರಿಸುತ್ತೇನೆ.

ಅವನು ನಮ್ಮೂರ ಗುಂಡುಬೆಟ್ಟದ ಕಲ್ಲು ಕ್ವಾರಿಯ ಮ್ಯಾನೇಜರ್. ಮಾರಂಡಹಳ್ಳಿಯಲ್ಲಿ ನನ್ನ ಮೊಮ್ಮಗಳು ಜೀವಿತಾ ನಡೆಸುವ ಸ್ಟುಡಿಯೋಗೆ ಆ ಟೀ ಹಿಡಿದುಕೊಂಡೇ ಬಂದು, ಅವಳಿಗೆ "ಕ್ಯಾಲೆಂಡರಿಗೆ ಒಂದು ಫೋಟೋ ಬೇಕು ಕಣಮ್ಮಾ. ಬೆಟ್ಟ ಮೊದಲು ಹೆಂಗಿತ್ತೋ ಹಂಗೆ," ಎಂದಿದ್ದ.

ಕ್ವಾರಿ ಅರ್ಧ ಬೆಟ್ಟವನ್ನು ತಿಂದುಹಾಕಿದೆ. ಜೀವಿತಾ ಆ ಗಾಯದ ಮೇಲೆ ತೊಪ್ಪೂರು ಘಾಟಿನ ಹಸಿರು ಗುಡ್ಡವೊಂದನ್ನು ಕೂರಿಸಿದಳು. ಕಲ್ಲುಪುಡಿಯಿಂದ ಬೆಳ್ಳಗಾದ ಕೆರೆಗೆ ನಂಗವಳ್ಳಿ ಕಡೆಯ ಯಾವುದೋ ಕೆರೆಯ ನೀರು ತುಂಬಿಸಿದಳು. ದಡದಲ್ಲಿ ನಿಲ್ಲಿಸಲು ಅವಳ ಫೋನಿನಲ್ಲೇ ನಮ್ಮೂರ ಒಂದು ಕುರಿ ಮಂದೆ ಇತ್ತು.

"ಸೊಲ್ಲುಂಗ ಅಜ್ಜಿ, ನೀವೇ ಹೇಳಿ, ನಿಜದ ತರ ಐತಾ?"

ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು ಸುಮ್ಮನಿರುತ್ತೇನೆಯೇ? ಬೆಟ್ಟದ ನೆರಳು ಬಲಕ್ಕೆ, ದಡದ ಹುಣಸೆಮರದ್ದು ಎಡಕ್ಕೆ ಬಿದ್ದಿದೆ ಎಂದೆ. ದೂರದ ಗುಡ್ಡ ಮಂಕಾಗಬೇಕು, ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ಕಾಣಬೇಕು ಎಂದೆ. ನನ್ನ ಬಾಲ್ಯದ ಬೆಟ್ಟ ಸಂಜೆಯ ಹೊನ್ನಿನ ಬಣ್ಣದಲ್ಲೇ ನೆನಪಿರುವುದರಿಂದ ಸಂಜೆ ಬೆಳಕನ್ನೂ ಹಾಕಿಸಿದೆ. ಕುರಿಗಳ ನೆರಳನ್ನು ಉದ್ದಕ್ಕೆ ಎಳೆಸಿದೆ.

"ಕುರಿಗೂ ನೆರಳು ನೋಡ್ತಾರಾ ಅಜ್ಜಿ? ಆಧಾರ್ ಕಾರ್ಡ್ ಒಂದು ಬಾಕಿ!" ಎಂದು ಜೀವಿತಾ ನಕ್ಕಳು. ನಾನೂ ನಕ್ಕೆ. ಮುಗಿದಾಗ ನನ್ನ ಕಣ್ಣು ತುಂಬಿತ್ತು.

ಹತ್ತು ದಿನಕ್ಕೆ ಪಂಚಾಯತಿ ಕಚೇರಿಯಲ್ಲಿ ಸಭೆ ನಡೆಯಿತು. ಉಳಿದ ಅರ್ಧ ಬೆಟ್ಟವನ್ನೂ ಒಡೆಯಲು ಕ್ವಾರಿಯವರು ಅನುಮತಿ ಕೇಳಿದ್ದರು. ಅದು ಸಿಕ್ಕರೆ ಕೆರೆ ಪೂರ್ತಿ ಮುಚ್ಚಿಹೋಗುತ್ತದೆ. ಕುರಿ ಸಾಕುವ ಮಾದಯ್ಯನ ಮಂದೆಗೆ ಬೇರೆ ನೀರಿಲ್ಲ. ಅವನೊಬ್ಬನೇ ಎದ್ದು ನಿಂತು, "ಕೆರೆ ಸತ್ತೋಯ್ತಾ ಐತೆ ಸಾರ್," ಎಂದ.

ವಿಚಾರಣೆಗೆ ಬಂದಿದ್ದ ಅಧಿಕಾರಿ ಕ್ವಾರಿಯವರ ಫೈಲಿನಿಂದ ಒಂದು ಫೋಟೋ ತೆಗೆದು ಅವನ ಮುಂದೆ ಹಿಡಿದರು. "ಹೋದ ವಾರ, ಬೆಟ್ಟ ಒಡೆಯದ ಕಡೆಯಿಂದ ತೆಗೆದದ್ದಂತೆ. ನೀರು ತುಂಬಿದೆಯಲ್ಲ?"

ಅದು ನನ್ನ ಬೆಟ್ಟ, ನನ್ನ ಸಂಜೆ. ಮೂರು ಕುರ್ಚಿ ಆಚೆ ಕುಳಿತಿದ್ದ ಈಶ್ವರನ್ ನನ್ನ ಮುಖ ಕಂಡು ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಆ ಗಾಳಿ ಕೂಡ ಅಸಹ್ಯವೆನಿಸಿತು.

ಮಾದಯ್ಯ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ಏ, ಇದು ನಮ್ಮ ಕಿವಿಮುರುಕಿ! ನನ್ನ ಕುರಿ ಲಾ ಇದು!" ಆಮೇಲೆ ಹುಬ್ಬು ಗಂಟಿಕ್ಕಿದ. "ಒತ್ತು ಮುಳುಗೋ ಒತ್ನಾಗೆ ಯಾವ ಕುರಿ ಇಂಗೆ ನಿಲ್ತೈತೆ ಸಾರ್? ಒಂದರ ಒಟ್ಟೆ ಕೆಳಗೆ ಒಂದು ತಲೆ ಇಕ್ಕಂಡು ನಿಂತವೆ. ನೆತ್ತಿ ಮ್ಯಾಲಿನ ಉಚ್ಚಿ ಬಿಸಿಲಿಗೆ ಅಂಗೆ ನಿಲ್ತವೆ. ಇವು ಮಧ್ಯಾನದ ಕುರಿ. ಸಾಯಂಕಾಲ ಆದ್ರೆ ಬಾಯಿ ಉಲ್ಲಿನ ಮ್ಯಾಲಿರ್ತೈತೆ."

ಸಭೆ ನಕ್ಕಿತು. ಅಧಿಕಾರಿಯೂ ನಕ್ಕರು. "ಕುರಿ ಹೇಗೆ ನಿಂತಿದೆ ಅಂತ ನಾನು ವರದಿ ಬರೆಯಲಾ?"

ಮಾದಯ್ಯ ನನ್ನ ಕಡೆ ತಿರುಗಿದ. "ಟೀಚರಕ್ಕ, ಓದಿದೋರು ನೀವು. ನೀವೇ ಯೋಳಿ."

ಜೀವಿತಾಳ ಸ್ಟುಡಿಯೋ ಬೋರ್ಡು ಕಣ್ಣ ಮುಂದೆ ಬಂತು. ಆದರೂ ಎದ್ದೆ.

"ಅವನು ಹೇಳಿದ್ದು ಸರಿ. ಅದು ಫೋಟೋ ಅಲ್ಲ, ಜೋಡಿಸಿದ್ದು. ನೆರಳು ತಪ್ಪಿದ್ದನ್ನು ತಿದ್ದಿಸಿದವಳು ನಾನೇ. ಕುರಿಗಳ ಸಂಗತಿ ನನಗೆ ಗೊತ್ತಿರಲಿಲ್ಲ."

ನಗು ನಿಂತಿತು. ಅಧಿಕಾರಿ ಫೋಟೋವನ್ನು ಫೈಲಿನಿಂದ ಬೇರೆ ಇಟ್ಟು, ನಾನು ಹೇಳಿದ್ದನ್ನು ಬರೆಸಿಕೊಂಡು ಸಹಿ ಹಾಕಿಸಿದರು. ಮತ್ತೆ ಡ್ರೈವರನ್ನು ಕೂಗಿ, "ಜೀಪ್ ತೆಗಿ. ಕೆರೆ ನೋಡಿ ಬರೋಣ," ಎಂದರು.

ಹೊರಗೆ ಬರುವಾಗ ಈಶ್ವರನ್ ನನ್ನ ಮೊಣಕೈ ಹಿಡಿದ. "ಮೆಲ್ಲಗೆ ಅಮ್ಮಾ, ಮೆಟ್ಟಿಲು ಸರಿಯಿಲ್ಲ." ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ನಾನು ಬಿದ್ದೇನೆಂಬ ಕಾಳಜಿಯಿತ್ತು. ನಾನು ಕೈ ಕಿತ್ತುಕೊಂಡು ಸೆರಗಿನಿಂದ ಮೊಣಕೈ ಒರೆಸಿಕೊಂಡೆ.

ಮಾದಯ್ಯ ಜೀಪಿನ ಹಿಂದೆ ಹತ್ತುತ್ತಾ ಕೂಗಿದ: "ಟೀಚರಕ್ಕ, ಇನ್ನೊಂದ್ಸಲ ಕುರಿ ನಿಲ್ಲಿಸೋಕೆ ಮುಂಚೆ ನನ್ನ ಒಂದು ಮಾತು ಕೇಳಿ!"